ಹಿಂದೆ ಹಿಡಿಯುವ ದನಿಗಳು
ನೆಲಮಂಗಲ ಸೀಮೆಯ ಮದುವೆ ಮನೆಯಲ್ಲಿ ಹಸೆಗೆ ಕೂತ ಹೆಣ್ಣಿಗೆ ಅರಿಶಿನ ಹಚ್ಚುವಾಗ ಹಿರಿಯಳೊಬ್ಬಳು ಸೊಲ್ಲೆತ್ತುತ್ತಾಳೆ, ಉಳಿದವರು ಅದನ್ನೇ ಹಿಂದೆ ಹಿಡಿದು ಹೇಳುತ್ತಾರೆ. ಈ ಸೋಬಾನೆ ಪದಕ್ಕೆ ಹಾರ್ಮೋನಿಯಂ ಬೇಕಿಲ್ಲ, ಮೈಕೂ ಬೇಕಿಲ್ಲ. ಮುಂದಿನ ಸಾಲು ನೆನೆಯಲು ಅವಳಿಗೆ ಬೇಕಾದ ಬಿಡುವನ್ನು ಹಿಂದಿನ ದನಿಗಳೇ ಕೊಡುತ್ತವೆ. ಈ ಹೊಂದಾಣಿಕೆ ನನಗೆ ಹಾಡಿನಷ್ಟೇ ದೊಡ್ಡದು. ಉಕ್ರೇನಿನ ದ್ನಿಪ್ರೊಪೆತ್ರೊವ್ಸ್ಕ್ ಪ್ರಾಂತ್ಯದ ಕೊಸಾಕ್ ಹಾಡುಗಳಲ್ಲೂ ಒಬ್ಬರು ಎತ್ತಿಕೊಟ್ಟರೆ ಗುಂಪು ಸೇರಿಕೊಳ್ಳುತ್ತದೆ. ಯುದ್ಧಕ್ಕೆ ಹೋದ ಗಂಡಸರ ಕಥೆ ಹೇಳುವ ಆ ಹಾಡುಗಳನ್ನು ಇಂದು ಹೆಚ್ಚಾಗಿ ಉಳಿಸಿಕೊಂಡಿರುವವರು ಹೆಂಗಸರೇ. 2016ರಲ್ಲಿ ಯುನೆಸ್ಕೊ ಅವನ್ನು ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಎಚ್.ಎಲ್. ನಾಗೇಗೌಡರು ಹಳ್ಳಿಯ ಪದಗಳನ್ನು ಕೂಡಿಸಿ, 1979ರಲ್ಲಿ ಜಾನಪದ ಪರಿಷತ್ತು ಕಟ್ಟಿದರು. ಅಂಕೋಲೆಯ ಜಾನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಪ್ರಶಸ್ತಿ ಒಬ್ಬರ ಕೈಗೆ ಬರುತ್ತದೆ, ಪದಕ್ಕೆ ಮಾತ್ರ ಹಿಂದೆ ಹಿಡಿಯುವ ನಾಲ್ಕು ಮಂದಿ ಬೇಕು. ಅವರು ಕಡಿಮೆಯಾಗುತ್ತಿದ್ದಾರೆ, ನನಗೆ ಇದೇ ಸಂಕಟ. ಇದ್ದವರ ದನಿಯನ್ನೂ ಛತ್ರದ ಡಿಜೆ ಸದ್ದು ನುಂಗುತ್ತದೆ. ಮದುವೆ ಮನೆಯವರೇ, ಅರಿಶಿನದ ಅರ್ಧ ಗಂಟೆಯಾದರೂ ಸ್ಪೀಕರ್ ಆರಿಸಿ, ಅಜ್ಜಿಯ ಪಕ್ಕದಲ್ಲಿ ಮೊಮ್ಮಗಳನ್ನು ಕೂರಿಸಿ.