ಪರದೇಶದ ಜಾತ್ರೆ, ನಮ್ಮ ಬೀದಿಯ ಸದ್ದು

ಬಸವೇಶ್ವರನಗರದ ನಿವಾಸಿಯೊಬ್ಬ ಲಂಡನ್ನಿಗೆ ಹೋದರೆ ಅಲ್ಲಿನ ಬಸವೇಶ್ವರರ ಪ್ರತಿಮೆಯನ್ನು ನೋಡದೆ ಹಿಂದಿರುಗುವಂತಿಲ್ಲ. ಥೇಮ್ಸ್ ನದಿಯ ದಂಡೆಯಲ್ಲಿ, ಲ್ಯಾಂಬೆತ್ ಪ್ರದೇಶದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿರುವ ಈ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣಗೊಳಿಸಿದ್ದರು. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕನ್ನಡಿಗ ನೀರಜ್ ಪಾಟೀಲರ ಪ್ರಯತ್ನದ ಫಲ ಅದು. 2025ರ ಆಗಸ್ಟ್ 24ರ ಭಾನುವಾರ ಮಗಳ ಮನೆಯಿಂದ ಹೊರಟ ನಾವು ಮೊದಲು ಹೋದದ್ದು ಅಲ್ಲಿಗೆ. ಕೈಮುಗಿದು, ನದಿಯಾಚೆ ಕಾಣುವ ಸಂಸತ್ ಭವನವೂ ಬರುವಂತೆ ಫೋಟೊ ತೆಗೆಸಿಕೊಂಡೆವು. ಮಧ್ಯಾಹ್ನಕ್ಕೆ ಮಗಳು ಇನ್ನೊಂದು ಕಾರ್ಯಕ್ರಮ ಇಟ್ಟುಕೊಂಡಿದ್ದಳು: ನಾಟಿಂಗ್ ಹಿಲ್ ಕಾರ್ನಿವಲ್.

ಪ್ರತಿವರ್ಷ ಆಗಸ್ಟ್‌ನ ಕೊನೆಯ ಸೋಮವಾರ ಮತ್ತು ಅದರ ಹಿಂದಿನ ಭಾನುವಾರ ಪಶ್ಚಿಮ ಲಂಡನ್ನಿನ ಈ ಬೀದಿಗಳು ಪೂರ್ತಿಯಾಗಿ ಜನರ ಪಾಲಾಗುತ್ತವೆ. ತೀರಾ ಹತ್ತಿರದ ಲ್ಯಾಡ್‌ಬ್ರೋಕ್ ಗ್ರೋವ್ ರೈಲು ನಿಲ್ದಾಣವನ್ನೇ ಮುಚ್ಚಿರುತ್ತಾರೆ. ದೂರದಲ್ಲಿ ಇಳಿದು ನಡೆಯಬೇಕು. ದಾರಿಯುದ್ದಕ್ಕೂ ಕೋಟ್ಯಂತರ ರೂಪಾಯಿ ಬೆಲೆಯ ಬಿಳಿ ಮನೆಗಳಿಗೆ ಪ್ಲೈವುಡ್ ಹಲಗೆಗಳ ಕವಚ. ಮಾಲೀಕರಲ್ಲಿ ಅನೇಕರು ಆ ಎರಡು ದಿನ ಊರು ಬಿಟ್ಟಿರುತ್ತಾರಂತೆ. ಉಳಿದವರಲ್ಲಿ ಕೆಲವರು ತಮ್ಮ ಮನೆಯ ಶೌಚಾಲಯವನ್ನು ಬಾಡಿಗೆಗೆ ಬಿಡುತ್ತಾರೆ! ಬೀದಿಯಲ್ಲಿ ಗರಿಗಳ ಕಿರೀಟ ತೊಟ್ಟ ಹೆಂಗಸರು, ಪುಟ್ಟ ಮಕ್ಕಳ ತಂಡಗಳು, ಎಣ್ಣೆಯ ಪೀಪಾಯಿಗಳಿಂದ ಹುಟ್ಟಿದ ಸ್ಟೀಲ್ ಪ್ಯಾನ್ ವಾದ್ಯದ ನಾದ. ತಿಂಡಿಯ ಅಂಗಡಿಯೊಂದರಲ್ಲಿ ಟ್ರಿನಿಡಾಡ್‌ನ ‘ರೋಟಿ’ ಸಿಕ್ಕಿತು. 1845ರಿಂದ ಕಬ್ಬಿನ ತೋಟಗಳ ಕೂಲಿಗಾಗಿ ಹಡಗು ಹತ್ತಿದ ಬಿಹಾರ, ಉತ್ತರ ಪ್ರದೇಶಗಳ ಜನ ಅಲ್ಲಿಗೆ ಕೊಂಡೊಯ್ದ ರೋಟಿ ಅದು. ಒಳಗೆ ಕಡಲೆಕಾಳು, ಆಲೂಗೆಡ್ಡೆ. ಸಸ್ಯಾಹಾರಿಗಳಾದ ನಮಗೆ ಊಟದ ಚಿಂತೆ ತಪ್ಪಿತು.

ಮೂರು ಗಂಟೆಗೆ ಎಲ್ಲವೂ ನಿಂತಿತು. ಎದೆ ನಡುಗಿಸುತ್ತಿದ್ದ ಸ್ಪೀಕರುಗಳು, ತಮಟೆಗಳು, ಮಾತು ಎಲ್ಲವೂ. 2017ರ ಜೂನ್‌ನಲ್ಲಿ ಸಮೀಪದ ಗ್ರೆನ್‌ಫೆಲ್ ವಸತಿ ಗೋಪುರ ಹೊತ್ತಿ ಉರಿದಾಗ ಸತ್ತವರು 72 ಮಂದಿ. ಅವರಿಗಾಗಿ 72 ಸೆಕೆಂಡುಗಳ ಮೌನ. ಲಕ್ಷಾಂತರ ಜನ ಸೇರಿದ ಬೀದಿಯಲ್ಲಿ ಮಗುವೊಂದು ಅಳುವುದು ಕೇಳಿಸುತ್ತಿತ್ತು. ಮತ್ತೆ ವಾದ್ಯಗಳು ಮೊಳಗಿದಾಗ ನಾನು ಭಾವುಕನಾಗಿ, ‘ಎಂಥ ಸಂಸ್ಕೃತಿ ನೋಡು’ ಎಂದೆ. ಮಗಳು ನಕ್ಕಳು: ‘ಅಪ್ಪಾ, ನಮ್ಮ ರಸ್ತೇಲಿ ಅಣ್ಣಮ್ಮನ್ನ ಕೂರಿಸಿದಾಗ ಪೊಲೀಸರಿಗೆ ಫೋನ್ ಮಾಡಿದ್ದು ನೀನೇ ಅಲ್ವಾ?’

ಹೌದು, ನಾನೇ. ಈಗಲೂ ಅದಕ್ಕೆ ಪೂರ್ತಿಯಾಗಿ ನಾಚಿಕೊಂಡಿಲ್ಲ. ಅಂದು ರಾತ್ರಿ ಹನ್ನೊಂದೂವರೆಯಾಗಿತ್ತು, ಮನೆಯಲ್ಲಿ ಮಲಗಿದ್ದ ವೃದ್ಧ ತಾಯಿಗೆ ಹುಷಾರಿರಲಿಲ್ಲ. ಆದರೆ ಆ ಪ್ರಶ್ನೆ ಮಾತ್ರ ಬೆಂಗಳೂರಿಗೆ ಮರಳಿದ ಮೇಲೂ ನನ್ನನ್ನು ಬಿಟ್ಟಿಲ್ಲ.

ನಾನು ಕೊಂಡಾಡಿದ ‘ಸಂಸ್ಕೃತಿ’ ಯಾರದು? 1950ರ ದಶಕದಲ್ಲಿ ನಾಟಿಂಗ್ ಹಿಲ್ ಸಿರಿವಂತರ ಬಡಾವಣೆಯಾಗಿರಲಿಲ್ಲ. ಕೆರಿಬಿಯನ್ ದ್ವೀಪಗಳಿಂದ ಕೆಲಸ ಹುಡುಕಿ ಬಂದವರು ಶಿಥಿಲ ಮನೆಗಳ ಒಂದೊಂದು ಕೋಣೆಯಲ್ಲಿ ಸಂಸಾರ ಹೂಡಿದ್ದ ಜಾಗ ಅದು. 1958ರ ಆಗಸ್ಟ್ ಕೊನೆಯಲ್ಲಿ ಬಿಳಿಯ ಯುವಕರ ಗುಂಪುಗಳು ಅವರ ಮೇಲೆ ಎರಗಿದವು. ಗಲಭೆ ದಿನಗಟ್ಟಲೆ ನಡೆಯಿತು. ಟ್ರಿನಿಡಾಡ್ ಮೂಲದ ಪತ್ರಕರ್ತೆ ಕ್ಲಾಡಿಯಾ ಜೋನ್ಸ್ ಇದಕ್ಕೆ ಕೊಟ್ಟ ಉತ್ತರ ವಿಚಿತ್ರವಾಗಿತ್ತು. 1959ರ ಜನವರಿ 30ರಂದು, ಕೊರೆಯುವ ಚಳಿಯಲ್ಲಿ, ಸೇಂಟ್ ಪ್ಯಾಂಕ್ರಾಸ್ ಪುರಭವನದೊಳಗೆ ಆಕೆ ತನ್ನ ನಾಡಿನ ಕಾರ್ನಿವಲ್ ನಡೆಸಿದಳು. ಬಂದ ಹಣದಲ್ಲಿ ಒಂದು ಭಾಗ ಮೀಸಲಾದದ್ದು ಗಲಭೆಯಲ್ಲಿ ದಂಡಕ್ಕೆ ಗುರಿಯಾದ ಯುವಕರಿಗೆ, ಕಪ್ಪು ಬಿಳುಪು ಎಂಬ ಭೇದವಿಲ್ಲದೆ. ಆಕೆ 1964ರಲ್ಲಿ ತೀರಿಕೊಂಡಳು. 1966ರಲ್ಲಿ ರೌನ್ ಲ್ಯಾಸ್ಲೆಟ್ ಎಂಬ ಸಮಾಜಸೇವಕಿ ಬಡಾವಣೆಯ ಮಕ್ಕಳಿಗಾಗಿ ಏರ್ಪಡಿಸಿದ ಬೀದಿ ಉತ್ಸವದಲ್ಲಿ ಸ್ಟೀಲ್ ಪ್ಯಾನ್ ವಾದಕರು ರಸ್ತೆಗಿಳಿದರು. ಹಬ್ಬ ಬೀದಿಗೆ ಬಂತು. ‘ಇದು ನಿಮ್ಮ ಊರಲ್ಲ’ ಎನ್ನಿಸಿಕೊಂಡವರು, ಹೊಡೆಸಿಕೊಂಡ ಅದೇ ಬೀದಿಯಲ್ಲಿ ಕುಣಿದದ್ದು ಈ ಕಾರ್ನಿವಲ್.

ನಮ್ಮ ಪಶ್ಚಿಮ ಬೆಂಗಳೂರನ್ನು ಕಟ್ಟಿದವರೂ ಬಹುಪಾಲು ಬಂದವರೇ. ಮಾಗಡಿ ರಸ್ತೆ ಆಸುಪಾಸಿನ ಗಿರಣಿಗಳಿಗೆ, ರಾಜಾಜಿನಗರದ ಕಾರ್ಖಾನೆಗಳಿಗೆ ದುಡಿಯಲು ಬಂದವರು. ಮಾಗಡಿ, ಕುಣಿಗಲ್, ಮಂಡ್ಯದ ಕಡೆಯಿಂದ, ಆಮೇಲೆ ಉತ್ತರ ಕರ್ನಾಟಕದಿಂದ, ನೆರೆರಾಜ್ಯಗಳಿಂದ. ನನ್ನ ತಂದೆಯೂ ಹಾಗೆಯೇ ಬಂದವರು. ಮೆಜೆಸ್ಟಿಕ್ ಬಳಿಯ ಗುಡಿಯಿಂದ ಅಣ್ಣಮ್ಮ ದೇವಿಯನ್ನು ತಂದು ರಸ್ತೆಯಲ್ಲಿ ಪೆಂಡಾಲು ಹಾಕಿ ಕೂರಿಸುವವರು, ನವೆಂಬರ್ ತಿಂಗಳಿಡೀ ವೃತ್ತ ವೃತ್ತದಲ್ಲೂ ಹಳದಿ-ಕೆಂಪು ಬಾವುಟ ಏರಿಸಿ ಆರ್ಕೆಸ್ಟ್ರಾ ನಡೆಸುವವರು ಯಾರೆಂದು ನೋಡಿ: ಆಟೊ ಚಾಲಕರು, ಹೂವಿನ ಅಂಗಡಿಯವರು, ಗ್ಯಾರೇಜಿನ ಹುಡುಗರು. ವರ್ಷದ ಉಳಿದ ದಿನಗಳಲ್ಲಿ ಆ ರಸ್ತೆ ನಮ್ಮಂಥ ಕಾರಿನವರದು. ಒಂದೆರಡು ರಾತ್ರಿ ಅವರದು. ಕಿಟಕಿ ಮುಚ್ಚಿಕೊಂಡು ‘ಇವರಿಗೆ ನಾಗರಿಕತೆ ಇಲ್ಲ’ ಎನ್ನುವ ನಾವು, ವೀಸಾ ಪಡೆದು ವಿಮಾನ ಹತ್ತಿ ಹೋಗಿ ಪ್ಲೈವುಡ್ ಹಲಗೆಯ ಆಚೆ ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟುತ್ತೇವೆ. ಬೆಂಗಳೂರಿನಲ್ಲಿ ನಾವು ಆ ಹಲಗೆಯ ಒಳಗಿನವರು.

ಲಂಡನ್ನಿನ ಹಬ್ಬವೇನೂ ನಿರ್ಮಲವಲ್ಲ. 2024ರಲ್ಲಿ ಮಕ್ಕಳ ದಿನವೆಂದೇ ಹೆಸರಾದ ಭಾನುವಾರದಂದು, ಪುಟ್ಟ ಮಗಳೊಂದಿಗೆ ಬಂದಿದ್ದ ತಾಯಿಯೊಬ್ಬರು ಚೂರಿ ಇರಿತಕ್ಕೆ ಒಳಗಾಗಿ ಸತ್ತರು. ಹಬ್ಬವನ್ನು ಬೀದಿಯಿಂದ ಉದ್ಯಾನಕ್ಕೆ ಸಾಗಿಸಬೇಕೆಂಬ ಕೂಗು ಹಳೆಯದು. ಆದರೂ ಅದು ಬೀದಿಯಲ್ಲೇ ಉಳಿದಿರುವುದು ವ್ಯವಸ್ಥೆಯ ಬಲದಿಂದ. ಮೆರವಣಿಗೆಯ ದಾರಿ ಮೊದಲೇ ಗೊತ್ತಿರುತ್ತದೆ. ಈ ಬಾರಿ ಸುಮಾರು 7,000 ಪೊಲೀಸರಿದ್ದರು. ಸಂಜೆ ಏಳಕ್ಕೆ ಸ್ಪೀಕರುಗಳು ಬಂದ್. ಜನ ಚದುರುತ್ತಿದ್ದಂತೆ ಕಸದ ವಾಹನಗಳು ಬೀದಿಗಿಳಿಯುತ್ತವೆ.

ನಮ್ಮಲ್ಲಿ ನಿಯಮಗಳಿಗೇನು ಕೊರತೆಯಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ. ಹಬ್ಬಗಳಿಗಾಗಿ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ಯಾವ ರಸ್ತೆ, ಯಾವ ದಿನ, ಎಷ್ಟು ಗಂಟೆ ಎಂದು ಕುಳಿತು ಮಾತಾಡುವವರು ಮಾತ್ರ ಇಲ್ಲ. ಕಣ್ಣುಮುಚ್ಚಿ ಬಿಟ್ಟುಬಿಡುವುದು, ಇಲ್ಲವೇ ಲಾಠಿ ಹಿಡಿದು ಬರುವುದು, ಇವೆರಡೇ ನಮಗೆ ಗೊತ್ತಿರುವ ವಿಧಾನ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತದ್ದು ಯಾರೊಡನೆಯೂ ಜಗಳಕ್ಕೆ ಹೋಗಿ ಅಲ್ಲ. ಗೆದ್ದ ತಂಡದ ಸಂಭ್ರಮ ನೋಡಲು ಹೋಗಿ. ಅಷ್ಟು ಜನ ಬರುತ್ತಾರೆಂಬುದನ್ನು ಊಹಿಸಲು ಜ್ಯೋತಿಷಿ ಬೇಕಿರಲಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಐದಾಗಿ, ನಮಗೊಂದು ಬೆಂಗಳೂರು ಪಶ್ಚಿಮ ನಗರ ಪಾಲಿಕೆ ಬಂದಿದೆ. ರಸ್ತೆಗುಂಡಿ, ಕಸ, ಕಂದಾಯಗಳ ನಡುವೆ ಬೀದಿ ಹಬ್ಬದ ಮಾತೆತ್ತುವುದು ಕೆಲವರಿಗೆ ವಿನೋದವೆನಿಸಬಹುದು. ಆದರೆ ರಾಜಾಜಿನಗರ, ವಿಜಯನಗರಗಳಲ್ಲಿ ನವೆಂಬರಿನಲ್ಲಿ ಎಲ್ಲೆಲ್ಲಿ ವೇದಿಕೆ ಏಳುತ್ತದೆ ಎಂಬುದು ಬೀಟ್ ಪೊಲೀಸರಿಗೆ ಬಾಯಿಪಾಠ. ಅಕ್ಟೋಬರಿನಲ್ಲೇ ಸಂಘಟಕರನ್ನೂ ನಿವಾಸಿಗಳ ಸಂಘಗಳನ್ನೂ ಒಂದೇ ಮೇಜಿನ ಮುಂದೆ ಕೂರಿಸಿ ವೇಳಾಪಟ್ಟಿ ಮಾಡುವುದು, ಆಂಬುಲೆನ್ಸ್ ಹೋಗುವಷ್ಟು ದಾರಿ ಬಿಡಿಸುವುದು, ಎರಡು ಸಂಚಾರಿ ಶೌಚಾಲಯ ಕಳಿಸುವುದು ಪಾಲಿಕೆಗೆ ಭಾರವಾಗುವ ಕೆಲಸಗಳಲ್ಲ.

ಆ ನವೆಂಬರಿನಲ್ಲಿ ನಮ್ಮ ರಸ್ತೆಯ ಹುಡುಗರು ರಾಜ್ಯೋತ್ಸವದ ಚಂದಾಕ್ಕೆ ಬಂದರು. ಎಷ್ಟು ಹೊತ್ತಿಗೆ ನಿಲ್ಲಿಸುತ್ತೀರಿ ಎಂದು ಕೇಳಿದೆ. ‘ಹತ್ತಕ್ಕೆಲ್ಲ ಮುಗಿಸ್ತೀವಿ ಸಾರ್’ ಎಂದರು. ಮುಗಿದಾಗ ಹತ್ತೂ ಮುಕ್ಕಾಲು, ಫೋನು ಮುಟ್ಟಲಿಲ್ಲ. ಒಂಬತ್ತರ ಸುಮಾರಿಗೆ ಆರ್ಕೆಸ್ಟ್ರಾದ ಇಬ್ಬರು ಗಾಯಕಿಯರು ಜರಿ ಸೀರೆಯಲ್ಲಿ ನಮ್ಮ ಬಾಗಿಲು ತಟ್ಟಿ, ತಲೆ ತಗ್ಗಿಸಿ, ‘ಮೇಡಂ, ಸ್ವಲ್ಪ ಬಾತ್‌ರೂಮಿಗೆ ಹೋಗಬಹುದಾ? ಸಂಜೆ ಐದರಿಂದ ಹೋಗಿಲ್ಲ’ ಎಂದು ನನ್ನ ಪತ್ನಿಯನ್ನು ಕೇಳಿದರು. ಇಷ್ಟು ವರ್ಷ ಇವರೆಲ್ಲ ಯಾರ ಬಾಗಿಲು ತಟ್ಟುತ್ತಿದ್ದರು ಎಂದು ಆಕೆ ನನ್ನನ್ನು ಕೇಳಿದಳು.