ಲಿಪಿಯ ಮಾದರಿ, ತಂತ್ರಾಂಶದ ಕಟ್ಟೋಣ

ಒಂದು ವಸ್ತುವನ್ನು ಯಾವ ಬಗೆಯಲ್ಲಿ ಗ್ರಹಿಸಬೇಕೆಂದು ನಿರ್ಧರಿಸಿದ ಮೇಲೆಯೇ ತಂತ್ರಾಂಶದ ರಚನೆ ಆರಂಭವಾಗುತ್ತದೆ. ಆ ಗ್ರಹಿಕೆಯ ನಕ್ಷೆಯೇ ಮಾದರಿ. ಮುಂದಿನ ಅನುಕೂಲ, ತೊಡಕುಗಳೆರಡೂ ಬಹುಮಟ್ಟಿಗೆ ಅದರಲ್ಲೇ ಅಡಗಿರುತ್ತವೆ. ಕನ್ನಡ ಲಿಪಿಯು ಗಣಕವನ್ನು ಪ್ರವೇಶಿಸಿದ ಬಗೆ ಇದಕ್ಕೆ ಉತ್ತಮ ನಿದರ್ಶನ.

ಯುನಿಕೋಡ್ ಬಳಕೆಗೆ ಬರುವ ಮುನ್ನ ರೂಢಿಯಲ್ಲಿದ್ದ ಫಾಂಟುಗಳು ಅಕ್ಷರದ ಆಕಾರವನ್ನೇ ಮಾದರಿಯಾಗಿ ಹಿಡಿದವು. ಕೊಂಬು, ಒತ್ತು, ಅರ್ಕಾವೊತ್ತುಗಳಿಗೆ ಬೇರೆಬೇರೆ ಸಂಕೇತಗಳಿದ್ದವು. ಮುದ್ರಣಕ್ಕೆ ಅಷ್ಟು ಸಾಕಿತ್ತು. ಆದರೆ ‘ಸೂರ್ಯ’ ಎಂಬಲ್ಲಿ ರಕಾರವು ಉಚ್ಚಾರದಲ್ಲಿ ಯಕಾರಕ್ಕಿಂತ ಮೊದಲು, ಬರಹದಲ್ಲಿ ಅನಂತರ. ಕಣ್ಣಿಗೆ ಕಂಡ ಕ್ರಮದಲ್ಲೇ ಸಂಗ್ರಹಿಸಿದ ಪಠ್ಯದಿಂದ ನಿಘಂಟಿನ ಅಕಾರಾದಿಯನ್ನು ನೇರವಾಗಿ ಪಡೆಯಲಾಗದು.

1991ರ ಭಾರತೀಯ ಮಾನಕ ‘ಇಸ್ಕಿ’ಯೂ ಅದೇ ವರ್ಷ ಹೊರಬಂದ ಯುನಿಕೋಡಿನ ಮೊದಲ ಆವೃತ್ತಿಯೂ ಉಚ್ಚಾರದ ಕ್ರಮವನ್ನು ಅಂಗೀಕರಿಸಿದವು. ಒತ್ತಕ್ಷರಕ್ಕೆ ಪ್ರತ್ಯೇಕ ಸಂಕೇತವಿಲ್ಲ. ವ್ಯಂಜನ, ವಿರಾಮ, ವ್ಯಂಜನ ಎಂಬ ಸರಣಿಯೇ ಸಾಕು. ಸಂಗ್ರಹ ಹಗುರವಾಯಿತು, ಆಕಾರವನ್ನು ಮೂಡಿಸುವ ಹೊರೆ ಫಾಂಟಿಗೂ ಅಕ್ಷರಗಳನ್ನು ಜೋಡಿಸುವ ತಂತ್ರಾಂಶಕ್ಕೂ ವರ್ಗವಾಯಿತು. ಅದೇ ಬ್ರಾಹ್ಮೀ ಸಂತತಿಯ ಟಿಬೆಟನ್ ಲಿಪಿಗೆ 1996ರ ಆವೃತ್ತಿಯಲ್ಲಿ ಒತ್ತುಗಳನ್ನೇ ಬೇರೆ ಸಂಕೇತಗಳಾಗಿ ನೀಡಲಾಯಿತು. ಮೂಲ ಒಂದೇ ಆದರೂ ಮಾದರಿ ಬೇರೆಯಾದುದರಿಂದ ಕಟ್ಟೋಣವೂ ಬೇರೆಯಾಯಿತು.

ಉಚ್ಚಾರದ ಮಾದರಿ ಮೇಲಾದುದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೂ ಅದರಲ್ಲಿ ಬಿರುಕುಗಳಿವೆ. ‘ಸೂರ್ಯ’ವನ್ನು ಅರ್ಕಾವೊತ್ತಿನಿಂದಲೂ ಬರೆಯಬಹುದು, ಪೂರ್ಣ ರಕಾರಕ್ಕೆ ಯಕಾರದ ಒತ್ತು ಕೊಟ್ಟೂ ಬರೆಯಬಹುದು. ಎರಡನೆಯದಕ್ಕೆ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದು ಬೇಕು. ಅದನ್ನು ಕಡೆಗಣಿಸುವಂತೆ ರೂಪಿಸದ ಶೋಧಕಕ್ಕೆ ಇವು ಎರಡು ಭಿನ್ನ ಪದಗಳು. ಹಳಗನ್ನಡ ಪಠ್ಯಗಳನ್ನು ಗಣಕೀಕರಿಸುವವರಿಗೆ ಇದು ಸಣ್ಣ ತೊಡಕಲ್ಲ.

ಇನ್ನೊಂದು ಸಂಗತಿ ಮನಸ್ಸಿಗೆ ನೋವುಂಟುಮಾಡುತ್ತದೆ. ಹತ್ತನೆಯ ಶತಮಾನದ ಪಂಪನ ಕಾವ್ಯದಲ್ಲಿ ಬಳಕೆಯಾಗಿರುವ ‘ೞ’ ಅಕ್ಷರಕ್ಕೆ ಯುನಿಕೋಡಿನಲ್ಲಿ ದೊರೆತ ಹೆಸರು ‘ಫ’! ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ನಿಯಮ. ಆದ್ದರಿಂದ ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿದ್ದಾರೆ, ತಪ್ಪು ಹಾಗೆಯೇ ಉಳಿದಿದೆ. ಅಕ್ಷರದ ಬಳಕೆಗೆ ಇದರಿಂದ ಬಾಧೆಯಿಲ್ಲ, ನಿಜ. ಆದರೆ ಮಾದರಿಯ ಹಂತದ ಪ್ರಮಾದ ಎಷ್ಟು ಚಿರಾಯುವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ತಂತ್ರಾಂಶ ಸಿದ್ಧವಾದ ಮೇಲೆ ಕುಂದುಗಳನ್ನು ಪಟ್ಟಿಮಾಡುವುದು ನಮ್ಮ ವಿದ್ವತ್ ವಲಯಕ್ಕೆ ರೂಢಿಯಾಗಿದೆ. ಮಾದರಿ ರೂಪುಗೊಳ್ಳುವಾಗಲೇ ವ್ಯಾಕರಣ, ಶಾಸನ, ಗ್ರಂಥಸಂಪಾದನೆಗಳನ್ನು ಬಲ್ಲವರು ಅಲ್ಲಿ ಕುಳಿತಿರಬೇಕು. ಅದು ಅಭಿಯಂತರರ ಕೆಲಸವೆಂದು ದೂರ ಉಳಿದರೆ, ನಮ್ಮ ಅಕ್ಷರಗಳ ಕುರಿತ ನಿರ್ಣಯವನ್ನು ಪರರಿಗೆ ಒಪ್ಪಿಸಿದಂತೆಯೇ ಸರಿ.