ಸೃಜನಶೀಲತೆಗೆ ಓದಿನ ಭಯವೇಕೆ?

ಸೃಜನಶೀಲತೆಯನ್ನು ಬೆಳೆಸುವ ಕಾರ್ಯಾಗಾರಗಳು ಕಾಲೇಜುಗಳಲ್ಲಿ ಈಗ ಸಾಮಾನ್ಯ. ಅಲ್ಲಿ ವಿದ್ಯಾರ್ಥಿಗಳಿಗೆ ದೊರೆಯುವ ಉಪದೇಶವೂ ಬಹುಮಟ್ಟಿಗೆ ಒಂದೇ: ಓದಿದ್ದನ್ನು ಮರೆಯಿರಿ, ನಿಯಮಗಳನ್ನು ಮುರಿಯಿರಿ, ತೋಚಿದ್ದನ್ನು ಬರೆಯಿರಿ. ಇದೇ ತರ್ಕವನ್ನು ಮುಂದುಮಾಡಿ, ಹಳಗನ್ನಡವೂ ಛಂದಸ್ಸೂ ಎಳೆಯ ಮನಸ್ಸಿಗೆ ಭಾರ, ಪಠ್ಯದಿಂದ ಕೈಬಿಡಬೇಕು ಎನ್ನುವವರೂ ಇದ್ದಾರೆ. ಕೇಳಲು ಹಿತವಾದ ಈ ಮಾತು ಸಾಹಿತ್ಯದ ಇತಿಹಾಸಕ್ಕೆ ನೇರ ವಿರುದ್ಧವಾದುದು.

ನಮ್ಮ ಕಾವ್ಯಮೀಮಾಂಸಕರು ಪ್ರತಿಭೆಯನ್ನು ಕಡೆಗಣಿಸಿದವರಲ್ಲ. ಅದೊಂದನ್ನೇ ನಂಬಿ ಕುಳಿತವರೂ ಅಲ್ಲ. ದಂಡಿಯು ‘ಕಾವ್ಯಾದರ್ಶ’ದಲ್ಲಿ ಸಹಜ ಪ್ರತಿಭೆ, ನಿರ್ಮಲವಾದ ಬಹುಶ್ರುತತೆ, ಎಡೆಬಿಡದ ಅಭ್ಯಾಸ ಎಂಬ ಮೂರನ್ನೂ ಕಾವ್ಯಕ್ಕೆ ಕಾರಣವೆನ್ನುತ್ತಾನೆ. ಹುಟ್ಟಿನಿಂದ ಬಂದ ಪ್ರತಿಭೆ ಇಲ್ಲದವನಿಗೂ ಓದು ಮತ್ತು ಪ್ರಯತ್ನಗಳಿಂದ ವಾಗ್ದೇವಿಯ ಅನುಗ್ರಹ ಅಷ್ಟಿಷ್ಟಾದರೂ ದೊರೆಯುತ್ತದೆಂದು ಅಭಯ ನೀಡುತ್ತಾನೆ. ಕನ್ನಡದ ಮೊದಲ ಉಪಲಬ್ಧ ಗ್ರಂಥ ‘ಕವಿರಾಜಮಾರ್ಗ’ಕ್ಕೆ ಮುಖ್ಯ ಆಕರ ಈ ‘ಕಾವ್ಯಾದರ್ಶ’ವೇ. ಶಕ್ತಿ, ನಿಪುಣತೆ, ಅಭ್ಯಾಸಗಳನ್ನು ಹೇಳಿದ ಮಮ್ಮಟನು ‘ಹೇತು’ ಎಂದು ಏಕವಚನವನ್ನೇ ಬಳಸಿದ್ದಾನೆ: ಮೂರೂ ಸೇರಿ ಒಂದೇ ಕಾರಣ.

ಈ ಮಾತುಗಳು ಬರಿಯ ತತ್ತ್ವವಾಗಿ ಉಳಿಯಲಿಲ್ಲ. ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಕವಿಯ ಹಗಲನ್ನು ನಾಲ್ಕು ಪ್ರಹರಗಳಾಗಿ ಹಂಚುತ್ತಾನೆ: ಮೊದಲನೆಯದರಲ್ಲಿ ಅಧ್ಯಯನ, ಎರಡನೆಯದರಲ್ಲಿ ರಚನೆ, ಮೂರನೆಯದರಲ್ಲಿ ಕಾವ್ಯಗೋಷ್ಠಿ, ನಾಲ್ಕನೆಯದರಲ್ಲಿ ಬೆಳಗ್ಗೆ ಬರೆದುದರ ಪರೀಕ್ಷೆ. ಕ್ಷೇಮೇಂದ್ರನು ‘ಕವಿಕಂಠಾಭರಣ’ದಲ್ಲಿ ಶಿಷ್ಯನಿಗೆ ಅರ್ಥದ ಗೊಡವೆಯಿಲ್ಲದೆ ವೃತ್ತ ತುಂಬುವುದನ್ನೂ, ಹಳೆಯ ಪದ್ಯದ ಪದಗಳನ್ನು ಬದಲಿಸಿ ನೋಡುವುದನ್ನೂ ಅಭ್ಯಾಸವಾಗಿ ವಿಧಿಸುತ್ತಾನೆ. ಸೃಜನಶೀಲತೆಯನ್ನು ಹೆಚ್ಚಿಸುವ ಮಾರ್ಗಗಳು ಸಾವಿರ ವರ್ಷಗಳ ಹಿಂದೆಯೇ ಇಷ್ಟು ಸ್ಪಷ್ಟವಾಗಿದ್ದವು.

ಕಟ್ಟುಪಾಡು ಕಲ್ಪನೆಯನ್ನು ಕೊಲ್ಲುತ್ತದೆ ಎನ್ನುವವರು ಪಂಪನನ್ನು ನೋಡಬೇಕು. ಕ್ರಿ.ಶ. 941ರ ‘ಆದಿಪುರಾಣ’ವನ್ನು ರಚಿಸುವಾಗ ಜಿನಸೇನಾಚಾರ್ಯರ ‘ಪೂರ್ವಪುರಾಣ’ ಅವನ ಮುಂದಿತ್ತು. ತೀರ್ಥಂಕರ ಚರಿತ್ರೆಯನ್ನು ಬದಲಿಸುವ ಸ್ವಾತಂತ್ರ್ಯ ಇರಲಿಲ್ಲ. ಆದರೂ ನೀಲಾಂಜನೆ ನರ್ತಿಸುತ್ತಲೇ ಆಯುಷ್ಯ ತೀರಿ ಮರೆಯಾಗುವ, ಇಂದ್ರನು ಕ್ಷಣಾರ್ಧದಲ್ಲಿ ಅವಳ ಪ್ರತಿರೂಪವನ್ನು ನಿಲ್ಲಿಸುವ, ಅದನ್ನರಿತ ಆದಿದೇವನಲ್ಲಿ ವೈರಾಗ್ಯ ಮೂಡುವ ಸನ್ನಿವೇಶ ಪಂಪನ ಕೈಯಲ್ಲಿ ಕನ್ನಡದ ಮರೆಯಲಾಗದ ಚಿತ್ರವಾಯಿತು. ಈ ಕಾವ್ಯ ಮೂರು ತಿಂಗಳಲ್ಲಿ ಮುಗಿಯಿತೆಂದು ಅವನೇ ಹೇಳಿಕೊಂಡಿದ್ದಾನೆ. ಆ ವೇಗ ಓದನ್ನು ಮರೆತವನದಲ್ಲ, ಓದನ್ನು ಅರಗಿಸಿಕೊಂಡವನದು.

ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿಸುವ ತರಗತಿಗಳು ಕಲ್ಪನೆಯನ್ನು ಬತ್ತಿಸಿವೆ ಎಂಬ ದೂರು ನಿಜ. ಅಲ್ಲಿ ತಪ್ಪಿರುವುದು ಕಾವ್ಯದಲ್ಲಲ್ಲ. ಕಾವ್ಯವನ್ನು ಬಿಟ್ಟು ಸಾರಾಂಶವನ್ನು ಕಲಿಸುವುದರಲ್ಲಿ. ಜಿನಸೇನರ ಸನ್ನಿವೇಶವನ್ನೂ ಪಂಪನ ಪದ್ಯಗಳನ್ನೂ ಅಕ್ಕಪಕ್ಕ ಇಟ್ಟು, ಕವಿ ಏನನ್ನು ಬಿಟ್ಟ, ಏನನ್ನು ಬೆಳೆಸಿದ ಎಂದು ವಿದ್ಯಾರ್ಥಿಗಳನ್ನು ಕೇಳಬೇಕು. ಅದೇ ಪ್ರಸಂಗವನ್ನು ಅವರಿಂದ ಬರೆಯಿಸಿ, ಮರುದಿನ ಅವರ ಕೈಯಿಂದಲೇ ತಿದ್ದಿಸಬೇಕು. ಇದಕ್ಕೆ ಶುಲ್ಕವೂ ಬೇಡ, ಪ್ರಮಾಣಪತ್ರವೂ ಬೇಡ.

ಮನೆಯಲ್ಲಿ ಪುಸ್ತಕಗಳಿರುವವರು ಪಠ್ಯದಲ್ಲಿ ಪಂಪನಿಲ್ಲದಿದ್ದರೂ ಅವನನ್ನು ಓದಿಯಾರು. ತರಗತಿಯೇ ಏಕೈಕ ಗ್ರಂಥಾಲಯವಾದ ವಿದ್ಯಾರ್ಥಿಗೆ ಆ ದಾರಿಯಿಲ್ಲ. ತನಗೆ ಪ್ರತಿಭೆಯಿಲ್ಲವೆಂದು ಹಿಂಜರಿಯುವವನೂ ಅವನೇ. ದಂಡಿ ಅಭಯ ನೀಡಿದ್ದು ಅಂಥವನಿಗೆ. ಹಳಗನ್ನಡವನ್ನು ಭಾರವೆಂದು ಇಳಿಸುವವರು ಕಸಿದುಕೊಳ್ಳುತ್ತಿರುವುದೂ ಅವನಿಂದಲೇ.